ಪೂಜೆಗಿಟ್ಟ ವೈಸು

ಮದುವೆಯಾಗಿ ಬಂದ ಹೊಸದರಲ್ಲೇ, ಗಂಡ ಕೆಲಸ ಮಾಡುವುದನ್ನು ನೋಡಿ ನಾನು ಕಿರುಚಿಕೊಂಡಿದ್ದೆ. ಹೊಸ ಸೊಸೆ ಕಿರುಚಿದ್ದು ಕೇಳಿ ಅಕ್ಕಪಕ್ಕದವರು ಓಡಿ ಬಂದರು. ಹಾವೋ ಗೀವೋ ಎಂದುಕೊಂಡು ಒಬ್ಬರು ದೊಣ್ಣೆಯನ್ನೂ ಹಿಡಿದು ಬಂದಿದ್ದರು.

ಹಾವಲ್ಲ, ನಾನು ಹೆದರಿದ್ದು ನಮ್ಮವರ ಎಡಗೈ ನೋಡಿ. ರಾಮನಗರದ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮನೆ. ಮುಂಭಾಗವೇ ವರ್ಕ್‌ಶಾಪು, ಅದರ ಹಿಂದಿನ ಬಾಗಿಲು ದಾಟಿದರೆ ನಡುಮನೆ. ರೇಷ್ಮೆ ನೂಲು ತೆಗೆಯುವ ಮೆಷಿನ್ನುಗಳಿಗೆ ಬೇಕಾದ ಸಣ್ಣಪುಟ್ಟ ಕಬ್ಬಿಣದ ಸಾಮಾನು ಮಾಡಿಕೊಡುವುದು, ಮುರಿದದ್ದನ್ನು ಸರಿ ಮಾಡುವುದು ನಮ್ಮ ಕಸುಬು. ಅವತ್ತು ಕಾಫಿ ಕೊಡಲೆಂದು ಬಂದರೆ, ನಮ್ಮವರು ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ನಿಂತು ಅಂಗೈಯಗಲದ ಕಬ್ಬಿಣದ ತಗಡೊಂದನ್ನು ಬರಿಗೈಯಲ್ಲಿ ಒತ್ತಿ ಹಿಡಿದು ತೂತು ಕೊರೆಯುತ್ತಿದ್ದರು. ಬೋಲ್ಟಿಲ್ಲ, ಕ್ಲಾಂಪಿಲ್ಲ, ತಗಡಿಗೂ ಮೇಜಿಗೂ ಸಂಬಂಧವೇ ಇಲ್ಲ. ಹಿಡಿದಿದ್ದದ್ದು ಐದು ಬೆರಳು ಅಷ್ಟೇ. ಬಾಯಲ್ಲಿ ಯಾವುದೋ ಹಾಡು ಬೇರೆ.

"ಯಾಕ್ ಅಂಗೆ ಬಡ್ಕೊಂಡೆ?" ಎಂದರು, ಮೆಷಿನ್ ಆರಿಸಿ.

"ಕೈಯಲ್ಲಿ ಹಿಡ್ಕೊಂಡು ಕಬ್ಬಿಣ ಕೊರೀತಾರೇನ್ರೀ ಯಾರಾದ್ರೂ?"

"ಇನ್ನೇನ್ ಕಾಲಲ್ಲಿ ಇಡ್ಕೋಬೇಕಾ?"

ದೊಣ್ಣೆ ತಂದವರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ನಾನು ಕನಕಪುರದ ಕಡೆಯವಳು. ಮದುವೆಗೆ ಮುಂಚೆ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಡ್ರಿಲ್ಲಿಂಗ್ ಸೆಕ್ಷನ್ನಿನಲ್ಲೇ ಕೆಲಸಕ್ಕಿದ್ದೆ. ಅಲ್ಲಿ ಹೊಸಬರಿಗೆ ಮೊದಲ ದಿನ ಮೆಷಿನ್ ಮುಟ್ಟಲು ಬಿಡುತ್ತಿರಲಿಲ್ಲ. ನಮ್ಮ ಸೆಕ್ಷನ್ ನೋಡಿಕೊಳ್ಳುತ್ತಿದ್ದವರು ಒಂದು ಹಳೇ ಕೈಗವಸಿನೊಳಗೆ ಚಿಂದಿ ತುಂಬಿ, ಅದನ್ನು ಒಂದು ತಗಡಿಗೆ ತಂತಿಯಲ್ಲಿ ಬಿಗಿದು, ನಮ್ಮನ್ನೆಲ್ಲ ದೂರ ನಿಲ್ಲಿಸಿ ಡ್ರಿಲ್ ಇಳಿಸಿದರು. ಇಳಿಯುತ್ತಾ ಹೋಯಿತು, ಏನೂ ಆಗಲಿಲ್ಲ. ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಫಟ್ಟೆಂದಿತು. ಕೈಗವಸಿನ ಚಿಂದಿ ಗೋಡೆಯವರೆಗೂ ಹಾರಿತು. ನನ್ನ ಪಕ್ಕದಲ್ಲಿದ್ದ ಹುಡುಗಿ ಬಾಯಿ ಮುಚ್ಚಿಕೊಂಡು ಹೊರಗೆ ಹೋದವಳು ಮತ್ತೆ ಕೆಲಸಕ್ಕೇ ಬರಲಿಲ್ಲ. ನಾನು ಉಳಿದುಕೊಂಡೆ, ಆದರೆ ಆ ಸದ್ದು ನನ್ನ ಹೊಟ್ಟೆಯಲ್ಲೇ ಕೂತುಬಿಟ್ಟಿತು.

ಡ್ರಿಲ್ಲಿನ ಕಳ್ಳಾಟವೇ ಅದು. ಕಬ್ಬಿಣದೊಳಗೆ ಇಳಿಯುವಾಗ ಸಾಧು ಪ್ರಾಣಿ. ತಳ ತೂತಾಗುವ ಕೊನೆಯ ಗಳಿಗೆಯಲ್ಲಿ, ಉಳಿದ ತೆಳುವಾದ ಪದರಕ್ಕೆ ಅದರ ಅಂಚು ಸಿಕ್ಕಿಕೊಳ್ಳುತ್ತದೆ. ಆಗ ಡ್ರಿಲ್ ತಿರುಗುವಷ್ಟೇ ಜೋರಾಗಿ ತಗಡೂ ತಿರುಗುತ್ತದೆ. ಮನುಷ್ಯನ ಕೈ ಎಷ್ಟೇ ಗಟ್ಟಿಯಾಗಿರಲಿ, ಮೋಟರಿಗಿಂತ ಗಟ್ಟಿಯಲ್ಲ. ಅದಕ್ಕೇ ಕೆಲಸದ ತುಂಡನ್ನು ಮೇಜಿಗೆ ಬಿಗಿಯಬೇಕು, ಇಲ್ಲವೇ ವೈಸಿನಲ್ಲಿ ಕಚ್ಚಿಸಬೇಕು. ವೈಸು ಎಂದರೆ ಎರಡು ದವಡೆಯ ಕಬ್ಬಿಣದ ಹಿಡಿ. ಹಿಡಿಕೆ ತಿರುಗಿಸಿದರೆ ದವಡೆ ತುಂಡನ್ನು ಕಚ್ಚಿಕೊಳ್ಳುತ್ತದೆ, ವೈಸನ್ನೇ ಬೋಲ್ಟು ಹಾಕಿ ಮೇಜಿಗೆ ಬಿಗಿದಿರುತ್ತಾರೆ.

ಇದನ್ನೆಲ್ಲ ನಮ್ಮವರಿಗೆ ಹೇಳಿದರೆ ತಲೆಗೆ ಹೋಗುತ್ತಿರಲಿಲ್ಲ. ಅವರು ಬೆಳೆದದ್ದು ಚನ್ನಪಟ್ಟಣದಲ್ಲಿ, ಬೊಂಬೆ ಮಾಡುವ ಮನೆಯಲ್ಲಿ. ನಮ್ಮ ಮಾವನವರು ಲೇತಿನ ಮುಂದೆ ಕೂತು ಮರದ ಬೊಂಬೆ ಕಡೆಯುತ್ತಿದ್ದರು, ಅತ್ತೆ ಅದಕ್ಕೆ ಅರಗಿನ ಬಣ್ಣ ಹಿಡಿಸುತ್ತಿದ್ದರು. ಆಟದ ಗಾಡಿಯ ಚಕ್ರಕ್ಕೆ ತೂತು ಹಾಕುವಾಗ ಮಾವ ಕೈಯಲ್ಲೇ ಹಿಡಿಯುತ್ತಿದ್ದರಂತೆ, ಮಗ ಪಕ್ಕದಲ್ಲಿ ನೋಡುತ್ತಾ ಕಲಿತರಂತೆ. ಬೊಂಬೆಯ ಮರ ಮೆತ್ತಗಿನದು. ಸಿಕ್ಕಿಕೊಂಡರೆ ಸೀಳುತ್ತದೆ, ಇಲ್ಲ ಸುಟ್ಟ ವಾಸನೆ ಬಂದು ಎಚ್ಚರಿಸುತ್ತದೆ. ಅಂಥ ಮರದ ಮೇಲೆ ಪಳಗಿದ ಕೈಯನ್ನೇ ನಮ್ಮವರು ಕಬ್ಬಿಣದ ಮೇಲೂ ಇಟ್ಟಿದ್ದರು. ಆ ಕೈ ಮೇಲೆ ಅವರಿಗೆ ಹೆಮ್ಮೆ ಬೇರೆ. ಡ್ರಿಲ್ ತಳ ಮುಟ್ಟುವುದು ಬೆರಳಿಗೇ ಗೊತ್ತಾಗುತ್ತದೆ, ಆಗ ಕೈ ತಾನೇ ಹಗುರಾಗುತ್ತದೆ ಎನ್ನುತ್ತಿದ್ದರು. ಅತ್ತೆಯೂ ಮಗನ ಕಡೆಯೇ.

"ನಮ್ ಯಜಮಾನ್ರು ಬದ್ಕಿರೋಗಂಟ ಕೈಲೇ ಇಡ್ದು ಮಾಡ್ದೋರು ಕಣಮ್ಮಿ. ಅವ್ರಿಗೇನಾಗಿತ್ತು?"

ಅವರು ಹಿಡಿದದ್ದು ಮರ, ಇದು ಕಬ್ಬಿಣ ಎಂದರೆ, ಎದುರು ಮಾತಾಡುತ್ತಾಳೆ ಎಂದು ಮುಖ ತಿರುಗಿಸುತ್ತಿದ್ದರು. ಕೊನೆಗೆ ನಾನೂ ಹಟ ಹಿಡಿದೆ. ಮೆಷಿನ್ನಿಗೆ ವೈಸು ಬರುವವರೆಗೆ ಈ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದುಬಿಟ್ಟೆ. ಬೆಳಗಿನ ತಿಂಡಿ ಹೋಟೆಲಿನಿಂದ ಬಂತು, ಮಧ್ಯಾಹ್ನದ್ದೂ ಬಂತು. ಸಂಜೆ ಅತ್ತೆಯೇ ಮುದ್ದೆ ತಿರುವಿದರು, ನನ್ನನ್ನು ಕರೆಯದೆ. ಮಾರನೇ ದಿನ ನಮ್ಮವರು ಬೆಂಗಳೂರಿನ ಗುಜರಿಗೆ ಹೋಗಿ ಒಂದು ಹಳೇ ವೈಸು ತಂದು ಮೇಜಿನ ಮೇಲೆ ಧಡ್ ಎಂದು ಇಟ್ಟರು. "ತಗೋ ನಿನ್ ಸವತಿ" ಎಂದರು.

ಆ ಸವತಿ ಅವರಿಗೇ ಪ್ರಿಯಳಾದಳು. ಮೊದಮೊದಲು ನಾನು ನೋಡುತ್ತಿದ್ದಾಗ ಮಾತ್ರ ಬಳಸುತ್ತಿದ್ದರು. ಆಮೇಲೆ ಕಬ್ಬಿಣದ ತುಂಡು ವೈಸಿಗೆ ಹೋಗುವುದೇ ರೂಢಿಯಾಯಿತು. ವೈಸಿನ ತಿರುಪಿಗೆ ಅವರೇ ಗ್ರೀಸು ಹಾಕುವರು, ದವಡೆಯ ಸಂದಿನ ಕಬ್ಬಿಣದ ಚೂರು ಬ್ರಷ್ಷಿನಲ್ಲಿ ಗುಡಿಸುವರು. ನಾನೂ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿದ್ದೆ. ಗುರುತು ಹಾಕುವುದು, ತೂತಿನ ಅಂಚು ಉಜ್ಜುವುದು, ಚಿಕ್ಕ ಕೆಲಸಗಳಿಗೆ ಡ್ರಿಲ್ ಹಿಡಿಯುವುದು ಎಲ್ಲ ನನ್ನವು. ಬೀದಿಯಲ್ಲಿ ನನಗೆ ಇನ್‌ಸ್ಪೆಕ್ಟ್ರಮ್ಮ ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ ಎಂದುಕೊಂಡೆ. ನಮ್ಮವರ ಹತ್ತು ಬೆರಳೂ ನೆಟ್ಟಗಿದ್ದವು, ನನಗೆ ಅಷ್ಟು ಸಾಕಿತ್ತು.

ಆಯುಧಪೂಜೆ ನಮ್ಮ ಮನೆಯಲ್ಲಿ ಅತ್ತೆಯ ಹಬ್ಬ. ಹಿಂದಿನ ದಿನವೇ ವರ್ಕ್‌ಶಾಪು ತೊಳೆದು, ಕಳಚಬಹುದಾದ ಸಾಮಾನನ್ನೆಲ್ಲ ಕಳಚಿ ಎಣ್ಣೆ ಹಚ್ಚಿ ಒರೆಸಬೇಕು. ಸುತ್ತಿಗೆ, ಸ್ಪ್ಯಾನರು, ಗುರುತು ಹಾಕುವ ಪಂಚು, ಕ್ಲಾಂಪುಗಳು, ಎಲ್ಲಕ್ಕಿಂತ ಮುಂದೆ ವೈಸು. ಅದನ್ನು ಮೇಜಿನಿಂದ ಬಿಚ್ಚಿ, ಕೆಂಪು ಬಣ್ಣ ಬಳಿದು ಒಣಗಿಸಿ, ನಡುಮನೆಯಲ್ಲಿ ದೇವರ ಮುಂದಿನ ಮಣೆಯ ಮೇಲೆ ಬಾಳೆಲೆ ಹಾಸಿ ಕೂರಿಸುತ್ತಿದ್ದೆವು. ಅರಿಶಿನ ಕುಂಕುಮ, ಚೆಂಡುಹೂವು. ಹಾಗೆ ಪೂಜೆಗಿಟ್ಟ ಆಯುಧವನ್ನು ಮಾರನೇ ದಿನ ವಿಜಯದಶಮಿಯಲ್ಲಿ ಮತ್ತೊಮ್ಮೆ ಮಂಗಳಾರತಿ ಮಾಡಿ ಕದಲಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಅವಕ್ಕೂ ಒಂದು ದಿನ ರಜ ಬೇಡವೇ ಎನ್ನುತ್ತಿದ್ದರು ಅತ್ತೆ. ಡ್ರಿಲ್ಲಿಂಗ್ ಮೆಷಿನ್ನು ನೆಲಕ್ಕೆ ಹೂತದ್ದು, ಎತ್ತಿ ಮಣೆಯ ಮೇಲೆ ಇಡಲಾಗದು. ಅದಕ್ಕೆ ನಿಂತಲ್ಲೇ ಹಾರ ಹಾಕಿ, ಬೂದುಗುಂಬಳ ಒಡೆದು, ಶಾಸ್ತ್ರಕ್ಕೆಂದು ಒಂದು ಸಲ ಓಡಿಸಿ ನಿಲ್ಲಿಸುವುದು ವಾಡಿಕೆ.

ಆ ವರ್ಷವೂ ಹಾಗೇ ಮಾಡಿದೆವು. ಪೂಜೆ ಮುಗಿದು, ಒಬ್ಬಟ್ಟಿನ ಊಟಕ್ಕೆ ಎಲೆ ಹಾಕುವ ಹೊತ್ತು. ಆಗ ನಮ್ಮ ಹಳೇ ಗಿರಾಕಿ, ನೂಲು ತೆಗೆಯುವ ಘಟಕದ ಭಾಯ್, ಶೆಟರಿನ ಹತ್ತಿರ ಬಂದು ಚಪ್ಪಲಿ ಬಿಟ್ಟು ನಿಂತರು. ಕೈಯಲ್ಲಿ ಎರಡು ತುಂಡಾದ ಕಬ್ಬಿಣದ ಪಟ್ಟಿ. ಅವರ ಮೆಷಿನ್ನಿನ ಬೇರಿಂಗು ಹಿಡಿದಿಡುವ ಪಟ್ಟಿ ಅದು.

"ಅಬ್ಬದ್ ದಿನ ಬಂದೆ, ಬೇಜಾರ್ ಮಾಡ್ಕೋಬ್ಯಾಡಿ ಅಣ್ಣ. ಗೂಡು ಬೇಯ್ಸಿಬುಟ್ಟಿದೀವಿ. ಹೆಂಗುಸ್ರೆಲ್ಲ ನೂಲ್ ತೆಗ್ಯೋ ಬೇಸಿನ್ ಮುಂದೆ ಕುಂತವ್ರೆ. ಸಂಜೆವರ್ಗೂ ಹಿಂಗೇ ಬುಟ್ರೆ ಅಷ್ಟೂ ತಿಪ್ಪೆಗೆ" ಎಂದರು.

ಅವರು ಸುಳ್ಳು ಹೇಳುವವರಲ್ಲ. ಬೇಯಿಸಿದ ರೇಷ್ಮೆಗೂಡಿನ ಎಳೆ ಆಗಲೇ ತೆಗೆಯದಿದ್ದರೆ ಕೆಟ್ಟು ಹೋಗುತ್ತದೆ, ಇದು ಊರಿಗೆಲ್ಲ ಗೊತ್ತಿರುವುದು.

"ಇವತ್ತು ಸಾಮಾನು ಮುಟ್ಟಂಗಿಲ್ಲ ಭಾಯ್. ನಾಳೆ ಬೆಳಿಗ್ಗೆ ಕದಲಿಸ್ತಿದ್ದಂಗೇ ನಿಮ್ದೇ ಮೊದ್ಲು" ಎಂದರು ನಮ್ಮವರು.

"ಇರ್ಲಿ ಬುಡಿ ಅಣ್ಣ. ಪೂಜೆ ಕೆಡ್ಸೋದು ಬ್ಯಾಡ. ಬ್ಯಾರೆ ಎಲ್ಲಾದ್ರೂ ನೋಡ್ತೀನಿ." ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಬೇರೆ ಎಲ್ಲಿ ನೋಡುತ್ತಾರೆ? ಆವತ್ತು ಇಡೀ ಪೇಟೆಯ ಎಲ್ಲ ವರ್ಕ್‌ಶಾಪಿಗೂ ಹಾರ ಬಿದ್ದಿತ್ತು. ನಮ್ಮವರಿಗೆ ತಡೆಯಲಾಗಲಿಲ್ಲ. ಬೀದಿಗಿಳಿದು ಕರೆದರು.

ಗುಜರಿ ಮೂಲೆಯಲ್ಲಿ ಅದೇ ಅಗಲದ ಒಂದು ಪಟ್ಟಿ ಸಿಕ್ಕಿತು, ಗೇಣಿಗಿಂತ ತುಸು ಕಡಿಮೆ ಉದ್ದದ್ದು. ಒಂದು ಕೊನೆಯಲ್ಲಿ ಆಗಲೇ ತೂತಿತ್ತು, ಇನ್ನೊಂದು ಕೊನೆಯಲ್ಲಿ ಒಂದು ಕೊರೆದರೆ ಮುಗಿಯಿತು. ಪಂಚು, ಸುತ್ತಿಗೆ ಎರಡೂ ಬಾಳೆಲೆಯ ಮೇಲಿದ್ದವು. ನಮ್ಮವರು ಅಂಗಳದಿಂದ ಒಂದು ಕಲ್ಲು ತಂದು, ಹಳೇ ಮೊಳೆಯಿಂದ ಪಟ್ಟಿಗೆ ಕುಟ್ಟಿ ಗುರುತು ಮಾಡಿದರು. ನಾನು ನೋಡುತ್ತಾ ನಿಂತಿದ್ದೆ. ಮನೆ ತುಂಬ ಸಾಮಾನು ಇಟ್ಟುಕೊಂಡು ಕಲ್ಲಿನಲ್ಲಿ ಕುಟ್ಟುತ್ತಾರಲ್ಲ ಎಂದು ನಗುವೂ ಬಂದಿತ್ತು. ಪಟ್ಟಿಯನ್ನು ಡ್ರಿಲ್ಲಿನ ಕೆಳಗೆ ಇಟ್ಟು, ಕಬ್ಬಿಣ ಬಿಸಿಯಾಗುತ್ತದೆಂದು ಎಡಗೈಗೆ ಒಂದು ಬಟ್ಟೆ ಸುತ್ತಿಕೊಳ್ಳತೊಡಗಿದಾಗ ನಗು ನಿಂತುಹೋಯಿತು.

"ಏನ್ ಮಾಡ್ತಿದೀರ?"

"ಒಂದೇ ಒಂದ್ ತೂತು ಕಣೆ. ಮೆಷಿನ್ನು ಎಂಗೂ ಶಾಸ್ತ್ರಕ್ಕೆ ಓಡ್ಸಾಯ್ತಲ್ಲ. ವೈಸ್ ಮುಟ್ಟಲ್ಲ, ಪೂಜೆ ಕೆಡಾಕಿಲ್ಲ."

ನಾನು ಒಳಗೆ ಓಡಿದೆ. ಅತ್ತೆ ಮಣೆಯ ಪಕ್ಕದಲ್ಲೇ ದೀಪಕ್ಕೆ ಎಣ್ಣೆ ಬಿಡುತ್ತಾ ಕೂತಿದ್ದರು.

"ಅತ್ತೆ, ವೈಸು ಒಂದು ತಗೋತೀನಿ. ನಿಮ್ಮ ಮಗ ಕೈಲಿ ಹಿಡ್ಕೊಂಡು ಕೊರೆಯೋಕೆ ಹೊರಟವ್ರೆ."

"ಮುಟ್ಟೀಯ ಜೋಕೆ. ಕದ್ಲಿಸೋಗಂಟ ಯಾರೂ ಮುಟ್ಟಂಗಿಲ್ಲ. ಅಬ್ಬ ಮುಗೀಲಿ ಅನ್ನು ಅವಂಗೆ" ಎಂದು ಬಾಳೆಲೆಗೆ ಅಡ್ಡವಾಗಿ ಕೈ ಚಾಚಿದರು.

ವಾದ ಮಾಡಲು ಹೊತ್ತಿರಲಿಲ್ಲ, ವಾಪಸ್ ಓಡಿ ಬಂದೆ. "ರೀ, ನಿಲ್ಲಿ. ದೇವರ ಹತ್ತಿರ ನಾನು ಮಾತಾಡ್ಕೋತೀನಿ. ಆ ವೈಸು ತರೋವರೆಗೂ ಸ್ವಿಚ್ ಹಾಕಬೇಡಿ" ಎಂದೆ. ಭಾಯ್ ಕೂಡ, "ಅಕ್ಕ ಯೋಳೋದು ಸರಿ ಅಣ್ಣ, ಬ್ಯಾಡ ಬುಡಿ" ಎಂದರು. ನಮ್ಮವರು ತಲೆಯಾಡಿಸಿದರು. ಹೂಂ ಎಂದು ಆಡಿಸಿದರೋ ಊಹೂಂ ಎಂದೋ, ಅದನ್ನು ನೋಡಲು ನಿಲ್ಲದೆ ಮತ್ತೆ ಒಳಗೆ ತಿರುಗಿದೆ.

ಹಿಂದೆ ಮೋಟರ್ ಗುಂಯ್ ಎಂದಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಅತ್ತೆ ಎದುರಾದರು. ಅವರನ್ನು ನೋಡಿ ನಾನು ನಿಂತಲ್ಲೇ ಕಲ್ಲಾದೆ. ಆ ಮುದುಕಿ ವೈಸನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಓಡಿ ಬರುತ್ತಿದ್ದರು. ರುಬ್ಬುವ ಗುಂಡಿನಷ್ಟು ಭಾರದ್ದು ಅದು. ಹಬ್ಬದ ಸೀರೆಗೆಲ್ಲ ಕುಂಕುಮ, ಎಣ್ಣೆ. ಚೆಂಡುಹೂವಿನ ಸರ ಅವರ ಮೊಣಕೈಗೆ ಸಿಕ್ಕಿ ನೆಲದಲ್ಲಿ ಎಳೆದುಕೊಂಡು ಬರುತ್ತಿತ್ತು. ಮುಟ್ಟೀಯ ಜೋಕೆ ಎಂದವರು ಅವರೇ.

"ನಿಲ್ಸು ಅನ್ನಮ್ಮಿ, ನಿಲ್ಸು ಅನ್ನು" ಎಂದರು, ಏದುಸಿರಿನಲ್ಲಿ.

ನಾನು ತಿರುಗುವಷ್ಟರಲ್ಲಿ ಫಟ್ಟೆಂದಿತು. ಹಾರೋಹಳ್ಳಿಯಲ್ಲಿ ಕೇಳಿದ ಅದೇ ಸದ್ದು. ಆದರೆ ಈ ಸಲ ಅದರ ಹಿಂದೆ ಮನುಷ್ಯರ ಕೂಗಿತ್ತು.

ಸ್ವಿಚ್ ಆರಿಸಿದ್ದು ನಾನೇ ಎಂದು ಭಾಯ್ ಆಮೇಲೆ ಹೇಳಿದರು. ನನಗೆ ನೆನಪಿಲ್ಲ. ನೆನಪಿರುವುದು ಇಷ್ಟು: ಪಟ್ಟಿ ಡ್ರಿಲ್ಲಿಗೆ ಸಿಕ್ಕಿ ಇನ್ನೂ ಸುತ್ತುತ್ತಾ ನಿಧಾನವಾಗುತ್ತಿತ್ತು, ಬಟ್ಟೆ ಅದಕ್ಕೆ ಸುತ್ತಿಕೊಂಡಿತ್ತು, ನಮ್ಮವರು ತಮ್ಮ ಎಡಗೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತಾ ನಿಂತಿದ್ದರು. ಪಟ್ಟಿ ಮೊದಲು ಕೈಯಿಂದ ಕಿತ್ತುಕೊಂಡು ಹೋಗಿದೆ. ಕೈ ಹಿಂದಕ್ಕೆ ಎಳೆದುಕೊಳ್ಳುವ ಮುಂಚೆಯೇ ಒಂದು ಸುತ್ತು ಬಂದು ಹೊಡೆದಿದೆ. ಭಾಯ್ ತಮ್ಮ ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಬಿಗಿದರು. ಅತ್ತೆ ವೈಸನ್ನು ಎದೆಯಿಂದ ಇಳಿಸಲೇ ಇಲ್ಲ. ಇಳಿಸಬಹುದು ಎನ್ನುವುದೇ ಅವರಿಗೆ ಮರೆತುಹೋಗಿತ್ತೋ ಏನೋ.

ಭಾಯ್ ಗೂಡು ಸಾಗಿಸುವ ಟೆಂಪೋದಲ್ಲೇ ಆಸ್ಪತ್ರೆಗೆ ಹೋದೆವು. ಹುಳದ ವಾಸನೆ, ಅದರ ಮೇಲೆ ರಕ್ತದ ವಾಸನೆ. ನಮ್ಮವರು ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಕೇಳಿದರು:

"ತೂತು ಪೂರ್ತಿ ಬಿತ್ತಾ?"

ಕೈ ಹೋಗಿದೆ, ಈ ಮನುಷ್ಯ ತೂತು ಬಿತ್ತಾ ಎನ್ನುತ್ತಾನಲ್ಲ! ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು, ತಬ್ಬಿಕೊಂಡು ಅಳಬೇಕು ಎಂದೂ ಎನ್ನಿಸಿತು. ಎರಡೂ ಮಾಡಲಿಲ್ಲ. "ಬಿತ್ತು" ಎಂದೆ. ಮುಂದೆ ಟೆಂಪೋ ಓಡಿಸುತ್ತಿದ್ದ ಭಾಯ್ ಜೋರಾಗಿ ಅತ್ತುಬಿಟ್ಟರು.

ಅಲ್ಲಿ ಕಟ್ಟು ಹಾಕಿ ಬೆಂಗಳೂರಿಗೆ ಕಳಿಸಿದರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ತೋರುಬೆರಳು ಅರ್ಧಕ್ಕೆ ಹೋಯಿತು. ನಡುಬೆರಳು ಉಳಿಯಿತು, ಆದರೆ ಮಡಿಸಲು ಬರುವುದಿಲ್ಲ. ಡಾಕ್ಟರು ಇದನ್ನು ಹೇಳುವಾಗ ಅವರ ಬಾಯಿಯನ್ನೇ ನೋಡುತ್ತಿದ್ದೆ, ಮಾತು ಕಿವಿಯೊಳಗೆ ಇಳಿಯುತ್ತಿರಲಿಲ್ಲ. ಹೊರಗೆ ಬಂದು ನೀರಿನ ನಲ್ಲಿಯ ಹತ್ತಿರ ನಿಂತಾಗ ಸುಮ್ಮನೆ ನನ್ನ ತೋರುಬೆರಳನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ನೋಡಿದೆ. ಆಗ ಇಳಿಯಿತು.

ಬಟ್ಟೆ ತೆಗೆದುಕೊಂಡು ಹೋಗಲೆಂದು ಮನೆಗೆ ಬಂದರೆ, ಎಲ್ಲವೂ ಇದ್ದ ಹಾಗೇ ಇತ್ತು. ಊಟದ ಎಲೆಗಳು ಬಾಡಿ ಸುರುಳಿಯಾಗಿದ್ದವು. ವೈಸು ಬಾಗಿಲ ಹೊಸ್ತಿಲ ಪಕ್ಕ ನೆಲದ ಮೇಲಿತ್ತು. ಅತ್ತೆ ಅದರ ಎದುರು ಗೋಡೆಗೊರಗಿ ಕೂತಿದ್ದರು. ಅದೇ ಸೀರೆ, ಅದೇ ಕುಂಕುಮ. ನನಗೆ ಎಷ್ಟು ಸಿಟ್ಟಿತ್ತೆಂದರೆ, ಒಂದು ಮಾತು ಆಡಿದರೂ ಮನೆ ಎರಡಾಗಿಬಿಡುತ್ತಿತ್ತು. ಸುಮ್ಮನೆ ಅವರನ್ನು ದಾಟಿ ಒಳಗೆ ಹೋಗುತ್ತಿದ್ದೆ. ಅವರೇ ಸೆರಗು ಹಿಡಿದು ನಿಲ್ಲಿಸಿದರು.

"ಮೋಟ್ರು ಸದ್ದು ಕೇಳೋಕ್ ಮುಂಚೇನೇ ಎದ್ದೆ ಕಣಮ್ಮಿ. ನೀ ಅತ್ಲಾಗ್ ಓದ್ಯಲ್ಲ, ಆಗ್ಲೇ ಎದ್ದೆ. ಎತ್ಕಳಾಕ್ ಆಗ್ನಿಲ್ಲ ಬಿರ್ನೆ."

ನಾನು ಸೆರಗು ಜಗ್ಗಿದೆ, ಅವರು ಬಿಡಲಿಲ್ಲ.

"ನಮ್ ಯಜಮಾನ್ರು ಚಕ್ರಕ್ಕೆ ತೂತಾಕೋವಾಗ್ಲೂ ನಂಗೆ ಎದೆ ಒಡ್ಕೋತಿತ್ತು. ಬಣ್ಣ ಇಡಿಯೋಳು ತಲೆ ಎತ್ತಿ ನೋಡ್ತಿರ್ಲಿಲ್ಲ, ನೋಡುದ್ರೆ ಜೀವ ಓಗದು. ಒಂದಿನಾನೂ ಬಾಯ್ಬುಟ್ಟು ಯೋಳ್ನಿಲ್ಲ. ಗಂಡುಸ್ರು ಕೆಲ್ಸ, ನಾವ್ ಏನ್ ಯೋಳದು ಅಂತ."

ನಾನು ಅವರ ಪಕ್ಕ ಕೂತೆ. ಇಷ್ಟು ವರ್ಷ ನನ್ನೊಡನೆ ಜಗಳವಾಡಿದ್ದು, ಅವ್ರಿಗೇನಾಗಿತ್ತು ಎಂದು ಮೂದಲಿಸಿದ್ದು, ಅದರ ಕೆಳಗೆಲ್ಲ ನನ್ನದೇ ಭಯ ಇತ್ತೇ? ನನ್ನದಕ್ಕಿಂತ ಹಳೆಯ ಭಯ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸೀರೆ ಬದಲಾಯಿಸಿಕೊಳ್ಳಿ ಅತ್ತೆ, ಆಸ್ಪತ್ರೆಗೆ ಹೋಗೋಣ ಎಂದೆ.

ಹೊರಡುವ ಮುಂಚೆ ಮೆಷಿನ್ನಿಗೆ ಸಿಕ್ಕಿದ್ದ ಪಟ್ಟಿಯನ್ನು ಬಿಡಿಸಿದೆ. ತೂತು ನಿಜಕ್ಕೂ ಪೂರ್ತಿ ಬಿದ್ದಿತ್ತು, ಅಂಚು ಸ್ವಲ್ಪ ಹರಿದಿತ್ತು ಅಷ್ಟೆ. ಅದನ್ನು ಭಾಯ್‌ಗೆ ಕೊಡಲು ಹೋದರೆ ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಅದುನ್ನ ಮೆಷಿನ್‌ಗೆ ಹಾಕಕ್ಕೆ ನಂಗೆ ಕೈ ಬರಲ್ಲ ಅಕ್ಕ" ಎಂದರು. ಅವರು ಬೇಯಿಸಿದ್ದ ಗೂಡು ಅಷ್ಟೂ ಕೆಟ್ಟಿತ್ತು. ಅದರ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ, ಬೇರೆಯವರ ಬಾಯಿಂದ ನಮಗೆ ಗೊತ್ತಾದದ್ದು. ಆ ವಾರವೇ ನಾನು ವೈಸು ಬಿಗಿದು, ಬೇರೆ ಪಟ್ಟಿ ಕೊರೆದು ಕೊಟ್ಟೆ. ವೈಸಿನ ಮೇಲೆ ಒಣಗಿದ ಕುಂಕುಮ ಹಾಗೇ ಇತ್ತು, ಒರೆಸಲಿಲ್ಲ.

ನಮ್ಮವರು ಬಹಳ ದಿನ ಶೆಟರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಗಿರಾಕಿಗಳನ್ನು ಮಾತಾಡಿಸುವುದು, ನನಗೆ ಅಳತೆ ಹೇಳುವುದು. ಕೈ ತೋರಿಸಿ ಎಂದವರಿಗೆ ತೋರಿಸುತ್ತಿರಲಿಲ್ಲ, ಲುಂಗಿಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ರಾತ್ರಿ ಇಲ್ಲದ ಬೆರಳ ತುದಿ ನೋಯುತ್ತದೆ ಎನ್ನುತ್ತಿದ್ದರು. ಇಲ್ಲದ್ದು ಹೇಗೆ ನೋಯುತ್ತದೆ ಎಂದು ನಾನು ಕೇಳಲಿಲ್ಲ, ಉಳಿದ ಬೆರಳುಗಳಿಗೆ ಎಣ್ಣೆ ನೀವುತ್ತಿದ್ದೆ. ಗಾಯ ಮಾಗಿ, ಕೈಗೆ ಸ್ವಲ್ಪ ಬಲ ಬಂದ ಮೇಲೆ ಒಂದು ದಿನ ಕುರ್ಚಿಯಿಂದ ಎದ್ದು ಬಂದು ನನ್ನ ಪಕ್ಕ ನಿಂತರು. ಅಲ್ಲಿಂದ ಚಿಕ್ಕ ಚಿಕ್ಕ ಕೆಲಸ ಶುರುವಾಯಿತು. ಅತ್ತೆ ಒಳಗಿನಿಂದ ಆಗಾಗ ಇಣುಕಿ, ವೈಸು ಬಿಗಿದಿದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದರು. ಎಲ್ಲ ಮತ್ತೆ ದಾರಿಗೆ ಬಂತು ಎಂದುಕೊಂಡೆ.

ಒಂದು ಮಧ್ಯಾಹ್ನ ತರಕಾರಿ ತರಲು ಹೋದವಳು ವಾಪಸ್ ಬಂದೆ. ಬೀದಿಗೇ ಮೋಟರಿನ ಸದ್ದು ಕೇಳುತ್ತಿತ್ತು. ಶೆಟರಿನ ಕೆಳಗೆ ಬಗ್ಗಿ ಒಳಗೆ ಬಂದು ತಲೆ ಎತ್ತಿದೆ.

ನಾನು ಬರೆಯುತ್ತಿರುವ ಈ ಎಲ್ಲದರಲ್ಲಿ, ಹಬ್ಬದ ದಿನದ ರಕ್ತವನ್ನೂ ಸೇರಿಸಿ, ಆಗ ಕಂಡದ್ದರಷ್ಟು ನನ್ನನ್ನು ಹೆದರಿಸಿದ್ದು ಇನ್ನೊಂದಿಲ್ಲ. ವೈಸು ಮೇಜಿನ ಮೇಲೇ ಇತ್ತು. ಬೋಲ್ಟು ಬಿಗಿದೇ ಇತ್ತು. ದವಡೆ ಬಾಯಿ ತೆರೆದು ಖಾಲಿ ಕೂತಿತ್ತು. ಅದೇ ವೈಸಿನ ನೆತ್ತಿಯ ಮೇಲೆ ಒಂದು ಪಟ್ಟಿಯನ್ನು ಇಟ್ಟು, ನಮ್ಮವರು ಎಡಗೈಯಲ್ಲಿ ಒತ್ತಿ ಹಿಡಿದು ಕೊರೆಯುತ್ತಿದ್ದರು. ಅರ್ಧ ಬೆರಳು, ಮಡಿಸಲಾಗದ ಇನ್ನೊಂದು ಬೆರಳು, ಉಳಿದ ಎರಡು, ಹೆಬ್ಬೆರಳು. ಆ ಕೈಯಲ್ಲೇ.

ಕೂಗಲು ಬಾಯಿ ತೆರೆದೆ. ಕೂಗಿದರೆ ಬೆಚ್ಚಿಬೀಳುತ್ತಾರೆ, ಬೆಚ್ಚಿದರೆ ಕೈ ಕದಲುತ್ತದೆ. ಬಾಯಿ ಮುಚ್ಚಿಕೊಂಡು, ಗೋಡೆ ಹಿಡಿದು ನಡೆದು, ಬಾಗಿಲ ಪಕ್ಕದ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದೆ. ಫ್ಯಾನು ನಿಧಾನವಾಯಿತು, ಡ್ರಿಲ್ ನಿಧಾನವಾಯಿತು, ನಿಂತಿತು.

"ಥತ್, ಕರೆಂಟ್ ಓಯ್ತು" ಎಂದು ಗೊಣಗುತ್ತಾ ಈ ಕಡೆ ತಿರುಗಿದರು. ಸ್ವಿಚ್ಚಿನ ಮೇಲಿದ್ದ ನನ್ನ ಕೈ ನೋಡಿದರು. ನನ್ನ ಮುಖ ನೋಡಿದರು. ಯಾಕೆ ಎನ್ನುವ ಹಾಗೆ ಹುಬ್ಬೇರಿಸಿದರು. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ. ನಾನು ಅವರ ಎಡಗೈ ಕಡೆ ತೋರಿಸಿದೆ.

ಅವರು ತಲೆ ಬಗ್ಗಿಸಿ ತಮ್ಮ ಕೈ ನೋಡಿಕೊಂಡರು. ಅದು ಇನ್ನೂ ಪಟ್ಟಿಯನ್ನು ಒತ್ತಿ ಹಿಡಿದೇ ಇತ್ತು. ಕೆಂಡ ಮುಟ್ಟಿದವರಂತೆ ಕೈ ಎಳೆದುಕೊಂಡರು, ಪಟ್ಟಿ ಡ್ರಿಲ್ಲಿಗೆ ಕಚ್ಚಿಕೊಂಡು ಅಲ್ಲೇ ನೇತಾಡಿತು. ಇನ್ನು ಒಂದೆರಡು ಸುತ್ತು ಸುತ್ತಿದ್ದರೆ ತಳ ತೂತಾಗುತ್ತಿತ್ತು. ಹೋಗಿ ಕುರ್ಚಿಯಲ್ಲಿ ಕೂತರು.

"ನಾ ಇಡ್ಕಂಡಿದ್ದು ನಂಗೇ ಗೊತ್ತಿಲ್ಲ ಕಣೆ" ಎಂದರು. "ದ್ಯಾವ್ರಾಣೆ ಗೊತ್ತಿಲ್ಲ. ಅದೇ ಓಗಿ ಇಡ್ಕಂಡೈತೆ."

ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ನಮ್ಮವರು ಎದ್ದರು. ಪಟ್ಟಿಯನ್ನು ಡ್ರಿಲ್ಲಿನಿಂದ ಬಿಡಿಸಿ ವೈಸಿನ ದವಡೆಯ ನಡುವೆ ಇಟ್ಟರು. ಹಿಡಿಕೆಗೆ ಕೈ ಚಾಚಿದವರು ಹಿಂದಕ್ಕೆ ತೆಗೆದುಕೊಂಡರು. ನಾನು ಹೋಗಿ ತಿರುಗಿಸಿ ಬಿಗಿದೆ. ಅವರು ಪಟ್ಟಿಯನ್ನು ಜಗ್ಗಿ ನೋಡಿದರು, ಕದಲಲಿಲ್ಲ. ಮೆಷಿನ್ನಿನಿಂದ ಹಿಂದಕ್ಕೆ ಸರಿದು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಇನ್ಮ್ಯಾಕೆ ಸ್ವಿಚ್ಚು ನೀನೇ ಆಕು" ಎಂದರು. "ಬಿಗ್ದೈತೆ ಅಂತ ನಾ ಯೋಳುದ್ರೂ ನೀ ಬಂದು ನೋಡ್ಬುಟ್ಟು ಆಕು. ನನ್ ಕೈಯ ನಂಬ್‌ಬ್ಯಾಡ."